ಗದ್ದಲದಲ್ಲಿ ಕಳೆದುಹೋಗುವುದು ಎರಡನೇ ಪ್ರಶ್ನೆ

ಸಂಸತ್ ಅಧಿವೇಶನ ನಡೆಯುವ ದಿನಗಳಲ್ಲಿ ಪತ್ರಿಕೆ ಓದುವವರಿಗೆ ಒಂದು ಗೊಂದಲ ಎದುರಾಗುತ್ತದೆ. ಗದ್ದಲದಿಂದಾಗಿ ಪ್ರಶ್ನೋತ್ತರ ಕಲಾಪ ನಡೆಯಲೇ ಇಲ್ಲ ಎಂದು ಮುಖಪುಟ ಹೇಳುತ್ತದೆ. ಅದೇ ದಿನ ಸಂಸದರೊಬ್ಬರ ಪ್ರಶ್ನೆಗೆ ಸಚಿವರು ಲೋಕಸಭೆಯಲ್ಲಿ ಉತ್ತರ ಕೊಟ್ಟರು ಎಂದು ಒಳಪುಟ ಹೇಳುತ್ತದೆ. ಸದನವೇ ನಡೆಯದಿದ್ದ ಮೇಲೆ ಉತ್ತರ ಎಲ್ಲಿಂದ ಬಂತು? ಉತ್ತರ ಬಂದಿದೆ ಎಂದಾದರೆ ಕಲಾಪ ಹಾಳಾಯಿತು ಎಂಬ ಕೂಗಾದರೂ ಏಕೆ?

2025ರ ಮುಂಗಾರು ಅಧಿವೇಶನ ಈ ಗೊಂದಲಕ್ಕೆ ಅಂಕಿಗಳನ್ನೇ ಒದಗಿಸಿತು. ಜುಲೈ 21ರಿಂದ ಆಗಸ್ಟ್ 21ರವರೆಗೆ ನಡೆದ ಆ ಅಧಿವೇಶನದಲ್ಲಿ ಲೋಕಸಭೆಯ ಕಾರ್ಯಸೂಚಿಗೆ ಬಂದ ಚುಕ್ಕೆ ಗುರುತಿನ ಪ್ರಶ್ನೆಗಳು, ಅಂದರೆ ಸದನದಲ್ಲಿ ಬಾಯಿಮಾತಿನ ಉತ್ತರ ಕೇಳುವ ಪ್ರಶ್ನೆಗಳು, 419. ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಿದ್ದು 55ಕ್ಕೆ ಮಾತ್ರ. ರಾಜ್ಯಸಭೆಯ ಸ್ಥಿತಿ ಇನ್ನೂ ಕಡೆ: 285ರಲ್ಲಿ 14. ಅಲ್ಲಿ ಎಂಟಕ್ಕೊಂದು, ಇಲ್ಲಿ ಇಪ್ಪತ್ತಕ್ಕೊಂದು. ಉಳಿದವುಗಳಿಗೆ ಉತ್ತರ ಬಂದಿಲ್ಲವೇ ಎಂದರೆ, ಬಂದಿದೆ. ಆದರೆ ಕಾಗದದಲ್ಲಿ ಬಂದಿದೆ.

ಚುಕ್ಕೆ ಇದ್ದರೆ ಬಾಯಿಮಾತು, ಇಲ್ಲದಿದ್ದರೆ ಕಾಗದ

ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ, ರಾಜ್ಯಸಭೆಯಲ್ಲಿ ಮಧ್ಯಾಹ್ನ 12ರಿಂದ 1ರವರೆಗೆ ಪ್ರಶ್ನೋತ್ತರ ಅವಧಿ. ಸದಸ್ಯರು ಕನಿಷ್ಠ 15 ದಿನ ಮುಂಚಿತವಾಗಿ ಪ್ರಶ್ನೆಯ ಸೂಚನೆ ಕೊಡಬೇಕು. ಪ್ರಶ್ನೆ 150 ಪದ ಮೀರುವಂತಿಲ್ಲ. ಬಂದ ಸೂಚನೆಗಳು ಲಾಟರಿಗೆ ಹೋಗುತ್ತವೆ. ಅದರಲ್ಲಿ ಮೇಲೆ ಬಂದ 20 ಪ್ರಶ್ನೆಗಳಿಗೆ ಲೋಕಸಭೆಯಲ್ಲಿ ಚುಕ್ಕೆ ಬೀಳುತ್ತದೆ. ರಾಜ್ಯಸಭೆಯಲ್ಲಿ ಈ ಸಂಖ್ಯೆ 15. ಚುಕ್ಕೆ ಇಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರವಷ್ಟೇ. ಇಂಥವು ಲೋಕಸಭೆಯಲ್ಲಿ ದಿನಕ್ಕೆ 230ರವರೆಗೆ, ರಾಜ್ಯಸಭೆಯಲ್ಲಿ 160ರವರೆಗೆ ಇರಬಹುದು.

ಲಿಖಿತ ಉತ್ತರ ಸದನದ ಮುಂದೆ ಮಂಡನೆಯಾಗಲು ಶಾಂತಿ ಬೇಕಿಲ್ಲ. ಸದಸ್ಯರು ಸದನದ ಬಾವಿಗಿಳಿದು ಘೋಷಣೆ ಕೂಗುತ್ತಿದ್ದರೂ, ಐದೇ ನಿಮಿಷಕ್ಕೆ ಕಲಾಪ ಮುಂದೂಡಿದರೂ ಆ ದಿನದ ಉತ್ತರಗಳೆಲ್ಲ ಮಂಡನೆಯಾದವೆಂದೇ ಲೆಕ್ಕ. ಸರದಿ ಬಾರದ ಚುಕ್ಕೆ ಪ್ರಶ್ನೆಗಳ ಉತ್ತರವೂ ಹೀಗೆಯೇ ಕಾಗದವಾಗಿ ಕಡತ ಸೇರುತ್ತದೆ. ಒಳಪುಟದ ಸುದ್ದಿ ಹುಟ್ಟುವುದು ಇಲ್ಲಿಂದ.

ಚುಕ್ಕೆಯ ಬೆಲೆ ಇರುವುದು ಉತ್ತರದಲ್ಲಲ್ಲ. ಸಚಿವರ ಮುದ್ರಿತ ಉತ್ತರ ಮೊದಲೇ ಸದಸ್ಯರ ಕೈಯಲ್ಲಿರುತ್ತದೆ. ಪ್ರಶ್ನೆ ಕೇಳಿದವರು ಅದರ ಮೇಲೆ ಎರಡು ಉಪಪ್ರಶ್ನೆ ಕೇಳಬಹುದು. ಬಳಿಕ ಸ್ಪೀಕರ್ ಕರೆದರೆ ಬೇರೆ ಸದಸ್ಯರೂ ಎದ್ದು ನಿಲ್ಲಬಹುದು. ಮೊದಲ ಉತ್ತರವನ್ನು ಬರೆಯುವವರು ಇಲಾಖೆಯ ಅಧಿಕಾರಿಗಳು; ಎರಡನೆಯದನ್ನು ಸಚಿವರೇ ತಮ್ಮ ತಿಳಿವಳಿಕೆಯಿಂದ ಕೊಡಬೇಕು. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುತ್ತದೆ, ನಿಜ. ಆದರೂ ಇಲಾಖೆಯ ಮೇಲೆ ಸಚಿವರಿಗೆಷ್ಟು ಹಿಡಿತವಿದೆ ಎಂಬುದು ಆ ಒಂದೆರಡು ನಿಮಿಷಗಳಲ್ಲಿ ಬಯಲಾಗುತ್ತದೆ.

ಗದ್ದಲವಿಲ್ಲದ ದಿನವೂ 20 ಪ್ರಶ್ನೆಗಳು ಮುಗಿಯುವುದು ಅಪರೂಪ. 2019ರ ನವೆಂಬರ್‌ನಲ್ಲಿ ಒಂದು ದಿನ ಲೋಕಸಭೆ ಅಷ್ಟನ್ನೂ ಮುಗಿಸಿದಾಗ ಅದು ಸುದ್ದಿಯಾಯಿತು. ಏಕೆಂದರೆ ಅದಕ್ಕೆ ಮುಂಚೆ ಹಾಗಾದದ್ದು 1972ರಲ್ಲಿ!

ಉಪಪ್ರಶ್ನೆಗೆ ಹದಿನೇಳು ವರ್ಷ ಕಾದ ಕಥೆ

ಬ್ರಿಟಿಷ್ ಇಂಡಿಯಾದ ಶಾಸನ ಪರಿಷತ್ತಿನಲ್ಲಿ ಪ್ರಶ್ನೆ ಕೇಳುವ ಹಕ್ಕು ಬಂದದ್ದು 1892ರ ಕಾಯ್ದೆಯಿಂದ. ಕೇಳಬಹುದಿತ್ತು, ಉತ್ತರ ಪಡೆಯಬಹುದಿತ್ತು; ಅಲ್ಲಿಗೆ ಮುಗಿಯಿತು. ಉತ್ತರದ ಮೇಲೆ ಮತ್ತೊಂದು ಪ್ರಶ್ನೆ ಕೇಳಲು ಅವಕಾಶವಾದದ್ದು 1909ರಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ಇತರ ಸದಸ್ಯರಿಗೆ ಆ ಹಕ್ಕು ಸಿಕ್ಕಿದ್ದು 1919ರ ಸುಧಾರಣೆಯ ನಂತರ. (ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್ ಸೀಮೆಗೆ ಈ ಯಾವ ಕಾಯ್ದೆಯೂ ಅನ್ವಯಿಸುತ್ತಿರಲಿಲ್ಲ.) ಪರಕೀಯ ಸರ್ಕಾರ ಪ್ರಶ್ನೆಗಿಂತ ಉಪಪ್ರಶ್ನೆಗೆ ಹೆಚ್ಚು ಹೆದರಿತ್ತು ಎಂಬುದಕ್ಕೆ ಈ ವರ್ಷಗಳ ಅಂತರವೇ ಸಾಕ್ಷಿ.

ಆ ಹೆದರಿಕೆ ನಿರಾಧಾರವಾಗಿರಲಿಲ್ಲ ಎಂಬುದು ಸ್ವತಂತ್ರ ಭಾರತದಲ್ಲಿ 1957ರಲ್ಲಿ ಗೊತ್ತಾಯಿತು. ಹಿಂದಿನ ವರ್ಷವಷ್ಟೇ ಸ್ಥಾಪನೆಯಾಗಿದ್ದ ಜೀವ ವಿಮಾ ನಿಗಮ, ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತ್ತು. ಲೋಕಸಭೆಯಲ್ಲಿ ಇದನ್ನು ಕೇಳಿದಾಗ ಮೊದಲು ಬಂದದ್ದು ಜಾರಿಕೊಳ್ಳುವ ಉತ್ತರ. ರಾಮ್ ಸುಭಗ್ ಸಿಂಗ್ ಮತ್ತು ಫಿರೋಜ್ ಗಾಂಧಿ ಅಷ್ಟಕ್ಕೆ ಬಿಡದೆ ಮತ್ತೆ ಮತ್ತೆ ಕೆದಕಿದರು. ತನಿಖೆಗೆ ಛಾಗ್ಲಾ ಆಯೋಗ ರಚನೆಯಾಯಿತು. 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಕೆದಕಿದ ಇಬ್ಬರೂ ಆಡಳಿತ ಪಕ್ಷದವರೇ ಎಂಬುದನ್ನು ಗಮನಿಸಬೇಕು. ನಮ್ಮ ಪಕ್ಷದ ಸರ್ಕಾರವಿದೆ, ಹಾಗಾಗಿ ಕೇಳುವುದು ಕಷ್ಟ ಎನ್ನುವ ಇಂದಿನ ಸದಸ್ಯರ ನೆಪ ಆಗ ಇನ್ನೂ ಹುಟ್ಟಿರಲಿಲ್ಲ.

‘ಉದ್ಭವಿಸುವುದಿಲ್ಲ’

ಉಪಪ್ರಶ್ನೆ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2020ರ ಸೆಪ್ಟೆಂಬರ್‌ಗಿಂತ ಒಳ್ಳೆಯ ಉದಾಹರಣೆ ಬೇಡ. ಕೋವಿಡ್ ಕಾರಣಕ್ಕೆ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಡಲಾಯಿತು. ಚುಕ್ಕೆ ಇಲ್ಲದ ಪ್ರಶ್ನೆಗಳಿಗೆ ಮಾತ್ರ ಅವಕಾಶ ಉಳಿಯಿತು. ಅಂದರೆ ಸದಸ್ಯರ ಹಕ್ಕು ಕೆಲವು ದಿನಗಳ ಮಟ್ಟಿಗೆ 1892ಕ್ಕೆ ಹಿಂದಿರುಗಿತು.

ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು, ಅವರ ಕುಟುಂಬಗಳಿಗೆ ಪರಿಹಾರ ಸಿಕ್ಕಿದೆಯೇ ಎಂಬುದು ಪ್ರಶ್ನೆ. ಅಂಥ ದತ್ತಾಂಶ ನಿರ್ವಹಿಸಿಲ್ಲ ಎಂದು ಕಾರ್ಮಿಕ ಸಚಿವಾಲಯ ಬರೆದು ಕೊಟ್ಟಿತು. ದತ್ತಾಂಶವೇ ಇಲ್ಲದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಅದರ ಮುಂದಿನ ಸಾಲು. ಕಲಬುರಗಿ ಮತ್ತು ಯಾದಗಿರಿಯ ಹಳ್ಳಿಗಳಿಂದ ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವವರ ಮನೆಗಳಿಗೆ ಈ ಸಾಲು ಹೇಗೆ ಕೇಳಿಸಿರಬಹುದೆಂದು ವಿವರಿಸಬೇಕಿಲ್ಲ. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದೂ ಕಲಬುರಗಿಯಲ್ಲಿಯೇ.

ಸಾಮಾನ್ಯ ದಿನವಾಗಿದ್ದರೆ ಯಾರಾದರೂ ಎದ್ದು ಕೇಳುತ್ತಿದ್ದರು: ದತ್ತಾಂಶ ಇಡಬೇಕಾದವರು ಯಾರು? ರಾಜ್ಯಗಳಿಂದ ತರಿಸಿಕೊಳ್ಳಲಿಲ್ಲವೇಕೆ? ಯಾವ ದಿನಾಂಕದೊಳಗೆ ತರಿಸುತ್ತೀರಿ? ಆ ಮೂರು ಪ್ರಶ್ನೆಗಳಿಗೆ ಜಾಗವೇ ಇರಲಿಲ್ಲ.

ಸ್ವಾರಸ್ಯವಿರುವುದು ಇದರ ನಂತರದಲ್ಲಿ. ಅದೇ ಅಧಿವೇಶನದಲ್ಲಿ ರಾಜ್ಯಸಭೆಯಲ್ಲಿ ರೈಲ್ವೆ ಸಚಿವರಿಗೆ ಬೇರೊಂದು ಪ್ರಶ್ನೆ ಹೋಯಿತು. ವಲಸೆ ಕಾರ್ಮಿಕರಿಗಾಗಿ ಓಡಿಸಿದ ಶ್ರಮಿಕ್ ವಿಶೇಷ ರೈಲುಗಳಲ್ಲಿ ಪ್ರಯಾಣಿಸುವಾಗ ಸತ್ತವರೆಷ್ಟು ಎಂಬುದಷ್ಟೇ ಅದರ ಮರ್ಮ. ಸೆಪ್ಟೆಂಬರ್ 9ರವರೆಗೆ 97 ಮಂದಿ ಎಂದು ಲಿಖಿತ ಉತ್ತರ ಬಂತು. ಒಂದು ಸಚಿವಾಲಯದಲ್ಲಿ ಲೆಕ್ಕವೇ ಇಲ್ಲ, ಇನ್ನೊಂದರಲ್ಲಿ ಖಚಿತ ಸಂಖ್ಯೆಯೇ ಇದೆ. ಕಾರ್ಮಿಕರು ಎಂದು ಕೇಳಿದರೆ ಅದು ದೊಡ್ಡ ಬಯಲು. ಯಾವ ದಾರಿಯಿಂದಾದರೂ ಜಾರಬಹುದು. ಇಂಥ ರೈಲು, ಇಂಥ ಅವಧಿ, ಪ್ರಯಾಣದ ವೇಳೆ ಸಾವು ಎಂದು ಬೇಲಿ ಹಾಕಿ ಕೇಳಿದರೆ ಇಲಾಖೆಯ ರಿಜಿಸ್ಟರನ್ನು ತೆರೆಯದೆ ವಿಧಿಯಿಲ್ಲ.

ನಮ್ಮ ವಿಧಾನಸಭೆಯ ಉತ್ತರಗಳಿಗೂ ಇಂಥದ್ದೇ ಭಾಷೆಯಿದೆ. ಪುಟದ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಎಡಗಡೆ ಕೇಳಿದರೆ ಬಲಗಡೆ ‘ಬಂದಿದೆ’ ಎಂಬ ಒಂದೇ ಪದ. ಬಂದ ಮೇಲೆ ಏನು ಮಾಡಿದಿರಿ ಎಂದರೆ ‘ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ವಹಿಸಲಾಗುವುದು’. ಈ ವಾಕ್ಯದಲ್ಲಿ ಸುಳ್ಳಿಲ್ಲ, ದಿನಾಂಕವೂ ಇಲ್ಲ. ರಸ್ತೆ, ಶಾಲೆಯ ಕೊಠಡಿ, ಕೆರೆ ಯಾವುದರ ಬಗ್ಗೆ ಕೇಳಿದರೂ ಹೊಂದಿಕೊಳ್ಳುತ್ತದೆ.

ತೊಗರಿಯ ಬಗ್ಗೆ ಯಾವ ಸಚಿವರನ್ನು ಕೇಳಬೇಕು?

ಕಲಬುರಗಿಯ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ತೊಗರಿಯ ಧಾರಣೆ ಕುಸಿದರೆ ನಮ್ಮ ಸಂಸದರು ದೆಹಲಿಯಲ್ಲಿ ಏಕೆ ಮಾತನಾಡಲಿಲ್ಲ ಎಂಬ ಆಕ್ಷೇಪ ಏಳುತ್ತದೆ. ಆಕ್ಷೇಪ ನ್ಯಾಯವಾದದ್ದೇ. ಆದರೆ ಮಾತನಾಡುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ವ್ಯತ್ಯಾಸವಿದೆ. ಪ್ರಶ್ನೆಗೆ ವಿಳಾಸ ಬೇಕು, ತೊಗರಿಗೋ ವಿಳಾಸಗಳು ಹಲವು.

2024–25ಕ್ಕೆ ಕ್ವಿಂಟಲ್‌ಗೆ ₹7,550, 2025–26ಕ್ಕೆ ₹8,000 ಎಂಬ ಬೆಂಬಲ ಬೆಲೆ ಮತ್ತು ಅದರಡಿಯ ಖರೀದಿ ಕೃಷಿ ಸಚಿವಾಲಯಕ್ಕೆ ಸೇರಿದ್ದು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿನ ನಿರ್ಬಂಧ ತೆಗೆದದ್ದು ವಾಣಿಜ್ಯ ಸಚಿವಾಲಯ. ಆಮದು ಸುಂಕ ಎಷ್ಟಿರಬೇಕೆಂಬುದು ಹಣಕಾಸು ಸಚಿವಾಲಯದ ಕೈಯಲ್ಲಿದೆ. ಬೇಳೆಯ ಚಿಲ್ಲರೆ ಬೆಲೆ ಏರದಂತೆ ನೋಡುವುದು, ಕಾಪು ದಾಸ್ತಾನು ಇಡುವುದು, 2023ರ ಜೂನ್‌ನಲ್ಲಿ ಮಾಡಿದಂತೆ ವರ್ತಕರ ಸಂಗ್ರಹಕ್ಕೆ ಮಿತಿ ಹಾಕುವುದು ಗ್ರಾಹಕ ವ್ಯವಹಾರಗಳ ಇಲಾಖೆಯ ಕೆಲಸ. ಹಳ್ಳಿಗಳಲ್ಲಿ ಖರೀದಿ ಕೇಂದ್ರ ತೆರೆಯುವ ವ್ಯವಸ್ಥೆ ರಾಜ್ಯ ಸರ್ಕಾರದ್ದು. ಸಚಿವಾಲಯಗಳನ್ನು ಗುಂಪುಗಳಾಗಿ ವಿಂಗಡಿಸಿ ವಾರದ ಒಂದೊಂದು ದಿನಕ್ಕೆ ಹಂಚಿರುವುದರಿಂದ ಇವರೆಲ್ಲರನ್ನೂ ಒಂದೇ ಪ್ರಶ್ನೆಯಲ್ಲಿ ಹಿಡಿಯುವ ದಾರಿಯಿಲ್ಲ.

ಪರಿಣಾಮ ಹೀಗಿರುತ್ತದೆ. ತೊಗರಿ ಬೆಳೆಗಾರರ ಹಿತ ಕಾಯಲು ಸರ್ಕಾರ ಏನು ಮಾಡಿದೆ ಎಂದು ಕೃಷಿ ಸಚಿವರನ್ನು ಕೇಳಿದರೆ ಬೆಂಬಲ ಬೆಲೆ ಹೆಚ್ಚಿಸಿದ ಪಟ್ಟಿ ಬರುತ್ತದೆ. ಆಮದಿನ ಬಗ್ಗೆ ಅವರು ಹೇಳಬೇಕಿಲ್ಲ. ಗ್ರಾಹಕ ವ್ಯವಹಾರಗಳ ಸಚಿವರನ್ನು ಕೇಳಿದರೆ ಆಮದಿನಿಂದ ಬೇಳೆಯ ಬೆಲೆ ಹತೋಟಿಗೆ ಬಂದದ್ದು ಸಾಧನೆಯಾಗಿ ಕಾಣಿಸಿಕೊಳ್ಳುತ್ತದೆ. ಒಂದು ಇಲಾಖೆಯ ಸಾಧನೆಯೇ ಇನ್ನೊಂದು ಇಲಾಖೆಯ ಗುರಿಗೆ ಅಡ್ಡ ಬರುತ್ತಿದೆ ಎಂಬುದು ಬಯಲಾಗುವುದು ಒಂದು ಉತ್ತರವನ್ನು ಇನ್ನೊಂದರ ಪಕ್ಕದಲ್ಲಿಟ್ಟಾಗ, ಅಥವಾ ಆಮದು ಆರಂಭಿಸುವ ಮೊದಲು ಕೃಷಿ ಸಚಿವಾಲಯದ ಅಭಿಪ್ರಾಯ ಕೇಳಿದ್ದಿರಾ ಎಂಬ ಉಪಪ್ರಶ್ನೆ ಬಿದ್ದಾಗ. ಹೊರದೇಶದ ತೊಗರಿಯ ಜೊತೆಗೆ 2023ರ ಡಿಸೆಂಬರ್‌ನಿಂದ ಸುಂಕವಿಲ್ಲದೆ ಒಳಬಂದ ಹಳದಿ ಬಟಾಣಿಯೂ ಬೇಳೆ ಮಾರುಕಟ್ಟೆಯನ್ನು ಅಲುಗಾಡಿಸಿದಾಗ ಕೇಳಬೇಕಾಗಿದ್ದ ಪ್ರಶ್ನೆ ಇದು.

ಯಾರ ಸಂಸದರು, ಯಾರ ಶಾಸಕರು?

ವಿಳಾಸದ ಗೊಂದಲ ಕೇಳುವವರ ಕಡೆಯೂ ಇದೆ. ಯಾದಗಿರಿ ಜಿಲ್ಲೆಗೆ ತನ್ನದೇ ಲೋಕಸಭಾ ಕ್ಷೇತ್ರವಿಲ್ಲ. ಗುರುಮಠಕಲ್ ಕಲಬುರಗಿ ಕ್ಷೇತ್ರಕ್ಕೆ ಸೇರಿದೆ. ಯಾದಗಿರಿ, ಶಹಾಪುರ, ಸುರಪುರ ರಾಯಚೂರು ಕ್ಷೇತ್ರದಲ್ಲಿವೆ. ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿಗಳು ಬೀದರ್ ಕ್ಷೇತ್ರದ ಪಾಲು. ಆದರೆ ಪ್ರಶ್ನೆ ಕೇಳಲು ಕ್ಷೇತ್ರದ ಗಡಿ ಅಡ್ಡಿಯಲ್ಲ. ಯಾವ ಸಂಸದರಾದರೂ ಯಾವ ಜಿಲ್ಲೆಯ ಬಗ್ಗೆಯಾದರೂ ಕೇಳಬಹುದು.

ವಿಧಾನಸಭೆಯ ಲೆಕ್ಕ ಇನ್ನೂ ಕುತೂಹಲದ್ದು. ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆ ಸೇರಿ 19 ಕ್ಷೇತ್ರಗಳು. 2023ರ ಮೇನಲ್ಲಿ ರಚನೆಯಾದ ಸಂಪುಟಕ್ಕೆ ಇಲ್ಲಿಂದ ಐವರು ಸೇರಿದರು: ಚಿತ್ತಾಪುರದ ಪ್ರಿಯಾಂಕ್ ಖರ್ಗೆ, ಸೇಡಂನ ಶರಣಪ್ರಕಾಶ ಪಾಟೀಲ, ಭಾಲ್ಕಿಯ ಈಶ್ವರ ಖಂಡ್ರೆ, ಬೀದರ್‌ನ ರಹೀಂ ಖಾನ್, ಶಹಾಪುರದ ಶರಣಬಸಪ್ಪ ದರ್ಶನಾಪುರ. ಹಿಂದುಳಿದ ಭಾಗಕ್ಕೆ ಇದು ಲಾಭವೆಂದು ಸಂಭ್ರಮಿಸಿದವರಿದ್ದಾರೆ. ಅದು ತಪ್ಪೂ ಅಲ್ಲ. ಆದರೆ ಸಚಿವರಾದವರು ಸದನದಲ್ಲಿ ಇನ್ನೊಬ್ಬ ಸಚಿವರಿಗೆ ಪ್ರಶ್ನೆ ಹಾಕುವುದಿಲ್ಲ. ಅಲ್ಲಿಗೆ ಕೇಳುವ ಬಾಯಿಗಳು 14ಕ್ಕೆ ಇಳಿದವು. ಆ ಐದು ಕ್ಷೇತ್ರಗಳ ಮತದಾರರ ಪರವಾಗಿ ಪಕ್ಕದ ಕ್ಷೇತ್ರದ ಶಾಸಕರೋ, ಈಶಾನ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ವಿಧಾನ ಪರಿಷತ್ ಸದಸ್ಯರೋ ಕೇಳಬೇಕು. ಇದನ್ನು ರೂಢಿಯಾಗಿ ಮಾಡಿಕೊಂಡವರು ಕಡಿಮೆ.

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನವೇ ಕೊಟ್ಟ ಒಂದು ಹಿಡಿಯೂ ಇದೆ. 98ನೇ ತಿದ್ದುಪಡಿಯ ಮೂಲಕ ಬಂದ 371ಜೆ ವಿಧಿ ಎಂದರೆ ನೌಕರಿ ಮತ್ತು ಕಾಲೇಜು ಸೀಟಿನ ಮೀಸಲಾತಿಯೇ ನಮ್ಮ ನೆನಪಿಗೆ ಬರುವುದು. ಅದೇ ವಿಧಿಯಲ್ಲಿ, ಪ್ರದೇಶಾಭಿವೃದ್ಧಿ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂಬ ಮಾತೂ ಇದೆ. ಮಂಡಳಿಗೆ ಎಷ್ಟು ಕೋಟಿ ಘೋಷಣೆಯಾಯಿತು ಎಂಬ ಪ್ರಶ್ನೆಗಿಂತ ಇಂಥ ವರ್ಷದ ವರದಿ ಸದನಕ್ಕೆ ಯಾವ ದಿನ ಬಂತು, ಅದರ ಇಂಥ ಪುಟದಲ್ಲಿ ಪೂರ್ಣವೆಂದು ತೋರಿಸಿದ ಕಾಮಗಾರಿ ಎಲ್ಲಿದೆ ಎಂಬ ಪ್ರಶ್ನೆಗೆ ಹೆಚ್ಚು ಬಲವಿದೆ. ಇದನ್ನು ಕೇಳಬೇಕಾದ್ದು ದೆಹಲಿಯಲ್ಲಲ್ಲ. ಮೂಲತಃ ರಾಜ್ಯಕ್ಕೆ ಸೇರಿದ ವಿಷಯವೆಂದು ಲೋಕಸಭಾ ಸಚಿವಾಲಯ ಅಂಥ ಪ್ರಶ್ನೆಯನ್ನು ಬಾಗಿಲಲ್ಲೇ ತಡೆಯುತ್ತದೆ.

ಕರ್ನಾಟಕ ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡಿದೆ. ಬಹುತೇಕ ವರ್ಷ ಅಷ್ಟು ದಿನ ಸೇರುವುದಿಲ್ಲ. ಸೇರದ ದಿನಕ್ಕೆ ಪ್ರಶ್ನೆಯೂ ಇಲ್ಲ, ಉಪಪ್ರಶ್ನೆಯೂ ಇಲ್ಲ.

ಗದ್ದಲ ಯಾರ ಲೆಕ್ಕಕ್ಕೆ?

ಸದನ ನಡೆಯದಿದ್ದರೆ ಆಡಳಿತ ಪಕ್ಷ ವಿರೋಧ ಪಕ್ಷದತ್ತ ಬೆರಳು ತೋರಿಸುತ್ತದೆ: ಕೇಳಲು ಒಂದು ಗಂಟೆ ಕೊಟ್ಟಿದ್ದೇವೆ, ಕೇಳುವವರಿಗೇ ಬೇಡವಾಗಿದೆ. ವಿರೋಧ ಪಕ್ಷದ ವಾದವೂ ಪೊಳ್ಳಲ್ಲ. ದೊಡ್ಡ ವಿಷಯದ ಚರ್ಚೆಗೆ ಸರ್ಕಾರ ಒಪ್ಪದಿದ್ದಾಗ ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ ಉಳಿಯುವುದು ಸದನ ನಿಲ್ಲಿಸುವ ದಾರಿಯೊಂದೇ ಎನ್ನುತ್ತದೆ ಅದು. 2025ರ ಮುಂಗಾರಿನಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಚರ್ಚೆಯಾಗಬೇಕೆಂದು ಪಟ್ಟು ಹಿಡಿದವರ ಮುಂದಾಳುಗಳಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆಯೂ ಇದ್ದರು. ಚುನಾವಣಾ ಆಯೋಗ ಸ್ವಾಯತ್ತ ಸಂಸ್ಥೆ, ವಿಷಯ ಸುಪ್ರೀಂ ಕೋರ್ಟಿನಲ್ಲಿದೆ ಎಂದು ಸರ್ಕಾರ ಒಪ್ಪಲಿಲ್ಲ. ಪಾತ್ರಗಳು ಅದಲುಬದಲಾದರೂ ನಾಟಕ ಇದೇ: 2ಜಿ ತರಂಗಾಂತರ ಹಂಚಿಕೆಯ ಬಗ್ಗೆ ಜಂಟಿ ಸಂಸದೀಯ ಸಮಿತಿ ಬೇಕೆಂದು ಬಿಜೆಪಿ ಮತ್ತು ಇತರ ವಿರೋಧ ಪಕ್ಷಗಳು ಪಟ್ಟು ಹಿಡಿದ ಕಾರಣ 2010ರ ಚಳಿಗಾಲದ ಅಧಿವೇಶನ ಬಹುತೇಕ ಕೊಚ್ಚಿಹೋಗಿತ್ತು.

ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ನಷ್ಟದ ಲೆಕ್ಕ ಸಮನಾಗಿಲ್ಲ. ಸರ್ಕಾರದ ಮಸೂದೆಗಳು ಗದ್ದಲದ ನಡುವೆಯೂ ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಆ ಮುಂಗಾರಿನಲ್ಲಿ ಲೋಕಸಭೆ 12 ಮಸೂದೆಗಳಿಗೆ ಒಪ್ಪಿಗೆ ಕೊಟ್ಟಿತು. ನಿಂತದ್ದು ಉಪಪ್ರಶ್ನೆ. ಉತ್ತರಕ್ಕೆ ಸಿದ್ಧರಾಗಿ ಬಂದ ಸಚಿವರು 11 ಗಂಟೆ 5 ನಿಮಿಷಕ್ಕೆ ಕಲಾಪ ಮುಂದೂಡಿದಾಗ ನಿಟ್ಟುಸಿರಿಟ್ಟು ಎದ್ದು ಹೋಗುತ್ತಾರೆ. ಸರ್ಕಾರವನ್ನು ಕಟ್ಟಿಹಾಕಲು ಹೊರಟವರು ಪ್ರಶ್ನೋತ್ತರ ಅವಧಿಯನ್ನೇ ನಿಲ್ಲಿಸಿದರೆ ಬಿಡುಗಡೆ ಸಿಗುವುದು ಸಚಿವರಿಗೆ. ಪ್ರತಿಭಟನೆಗೆ ದಿನದ ಬೇರೆ ಗಂಟೆಗಳಿವೆ.

ಮಾಹಿತಿ ಹಕ್ಕು ಇದೆಯಲ್ಲ, ಸಂಸದರ ಪ್ರಶ್ನೆ ಏಕೆ ಬೇಕು ಎನ್ನುವವರೂ ಇದ್ದಾರೆ. 2005ರ ಆ ಕಾಯ್ದೆ 30 ದಿನದಲ್ಲಿ ಕಡತದ ಪ್ರತಿ ಕೊಡಿಸುತ್ತದೆ. ಕಡತದಲ್ಲಿ ಇಲ್ಲದ ಕಾರಣವನ್ನು ಅದು ಕೊಡಿಸುವುದಿಲ್ಲ, ಮುಂದೇನು ಮಾಡುತ್ತೀರಿ ಎಂದು ಸಚಿವರ ಬಾಯಿಂದ ಹೇಳಿಸುವುದೂ ಇಲ್ಲ.

‘ಪರಿಶೀಲನೆಯಲ್ಲಿದೆ’ ಎಂದರೆ ಭರವಸೆ

ಹಾಗೆ ಹೇಳಿಸಿದ ಮಾತಿಗೆ ಬೆಲೆಯಿದೆ. ಪರಿಶೀಲನೆಯಲ್ಲಿದೆ, ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು ಎಂಬಂಥ ಮಾತುಗಳನ್ನು ಭರವಸೆ ಎಂದು ಪರಿಗಣಿಸಿ ಬೆನ್ನುಹತ್ತಲು ಲೋಕಸಭೆಯಲ್ಲಿ 1953ರಿಂದಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಕಾಲಾವಕಾಶ ಕೇಳಬೇಕು. ನಮ್ಮ ವಿಧಾನಮಂಡಲದಲ್ಲೂ ಇಂಥ ಸಮಿತಿಯಿದೆ.

ದಶಕದ ಹಿಂದೆಯೇ ಘೋಷಣೆಯಾಗಿ ಇನ್ನೂ ಕಣ್ಣಿಗೆ ಕಾಣದ ಕಲಬುರಗಿ ರೈಲ್ವೆ ವಿಭಾಗವನ್ನೇ ತೆಗೆದುಕೊಳ್ಳಿ. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿದೆ. ವಿಭಾಗ ಯಾವಾಗ ಎಂದು ಕೇಳಿದರೆ ಆಡಳಿತಾತ್ಮಕ ಅಗತ್ಯ, ಕಾರ್ಯಸಾಧ್ಯತೆ ಎಂಬ ಒಣ ಮಾತು ಬರುವ ಸಂಭವವೇ ಹೆಚ್ಚು. ಘೋಷಣೆಯನ್ನು ಕೈಬಿಡಲಾಗಿದೆಯೇ, ಹೌದಾದರೆ ಆದೇಶದ ದಿನಾಂಕವೇನು ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಪರಿಶೀಲನೆಯಲ್ಲಿದೆ ಎಂದರೆ ಅದು ಭರವಸೆಗಳ ಸಮಿತಿಯ ಕಡತ ಸೇರಬಹುದು.

ರಾಶಿಯ ಹೊತ್ತು, ಸದನದ ಹೊತ್ತು

ಕಡೆಯದಾಗಿ ಕಾಲದ ಪ್ರಶ್ನೆ. ಈ ಭಾಗದಲ್ಲಿ ತೊಗರಿಯ ರಾಶಿ ಡಿಸೆಂಬರ್‌ನಲ್ಲಿ ಶುರುವಾಗಿ ಜನವರಿಯಲ್ಲಿ ಜೋರಾಗುತ್ತದೆ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿಯೇ ಮುಗಿದಿರುತ್ತದೆ. ಬಜೆಟ್ ಅಧಿವೇಶನ ಆರಂಭವಾಗುವುದು ಜನವರಿ ಕೊನೆಗೆ. ರಾಷ್ಟ್ರಪತಿ ಭಾಷಣದ ದಿನ, ಬಜೆಟ್ ಮಂಡನೆಯ ದಿನ ಪ್ರಶ್ನೋತ್ತರ ಇರುವುದಿಲ್ಲ. ಬೆಂಬಲ ಬೆಲೆಯ ಖರೀದಿ ಶುರುವಾಗಲು ತಡವೇಕೆ ಎಂಬ ಪ್ರಶ್ನೆಗೆ ಬೇಗ ಎಂದರೂ ಉತ್ತರ ಬರುವುದು ಫೆಬ್ರುವರಿಯಲ್ಲಿ. 15 ದಿನ ಕಾಯದೆ ಕೇಳಲು ಅಲ್ಪಾವಧಿ ಸೂಚನೆಯ ಪ್ರಶ್ನೆ ಎಂಬ ಅವಕಾಶವಿದೆ. ಆದರೆ ಅದಕ್ಕೆ ಉತ್ತರಿಸಬೇಕಾದ ಸಚಿವರೇ ಒಪ್ಪಬೇಕು. ಫೆಬ್ರುವರಿಯ ಹೊತ್ತಿಗೆ ಸಾಲದ ಕಂತು ಕಟ್ಟಬೇಕಾದ ಸಣ್ಣ ಹಿಡುವಳಿದಾರರಲ್ಲಿ ಬಹಳಷ್ಟು ಮಂದಿ ಅಡತಿ ಅಂಗಡಿಯಲ್ಲಿ ಸಿಕ್ಕ ಧಾರಣೆಗೆ ಮಾಲು ಕೊಟ್ಟಿರುತ್ತಾರೆ. ಹಾಗಾಗಿ ಈ ಪ್ರಶ್ನೆಯನ್ನು ಸಂಸದರು ಕೇಳಬೇಕಾದ್ದು ಕಾಯಿ ಕಟ್ಟುವ ನವೆಂಬರ್‌ನಲ್ಲಿ, ಎಷ್ಟು ಖರೀದಿ, ಯಾವ ದಿನಾಂಕದಿಂದ ಎಂದು. ಚಳಿಗಾಲದ ಅಧಿವೇಶನದಲ್ಲಿ ಲಿಖಿತವಾಗಿ ಸಿಕ್ಕ ದಿನಾಂಕ ಜನವರಿಯಲ್ಲಿ ತಪ್ಪಿದರೆ, ಫೆಬ್ರುವರಿಯಲ್ಲಿ ಕೇಳಬೇಕಾದ ಉಪಪ್ರಶ್ನೆ ಆಗಲೇ ಸಿದ್ಧವಾಗಿರುತ್ತದೆ.